ಗೆರೆಯಿಲ್ಲದ ಹೆಬ್ಬೆರಳು

ಸಲ್ವಾದೋರನ ಬಗ್ಗೆ ಬರೆಯಲು ಕೂತರೆ ನನಗೆ ಮೊದಲು ಬರುವುದು ಸಿಟ್ಟು. ಪ್ರೀತಿ ಆಮೇಲೆ ಬರುತ್ತದೆ, ಬೇಕಾದಷ್ಟು ಬರುತ್ತದೆ, ಆದರೆ ಸಿಟ್ಟು ಮೊದಲು. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರಲ್ಲ, ಈ ಮನುಷ್ಯ ಬಂಗಾರದ ಅಂಗಡಿಯನ್ನೇ ಇಟ್ಟುಕೊಂಡಿದ್ದ. ಎರಡು ಮಾತಿನಲ್ಲಿ ಮುಗಿಯಬೇಕಾದ ಸಂಗತಿಯನ್ನು ನುಂಗಿಕೊಂಡು, ನಾನು ಕಷ್ಟಪಟ್ಟು ಕೂಡಿಸಿದ ಒಂದು ಸಂಬಂಧವನ್ನು ಇನ್ನೇನು ಮುಳುಗಿಸಿಯೇ ಬಿಟ್ಟಿದ್ದ.

ಸಾವಿರದ ಒಂಬೈನೂರ ಎಂಬತ್ತೈದರ ಮಾತು. ನಾವು ಆಗ ಜಿದ್ದಾದ ಶರಫಿಯಾ ಬಡಾವಣೆಯಲ್ಲಿದ್ದೆವು. ನನ್ನ ಗಂಡ ಇಗ್ನೇಶಿಯಸ್ ಖನಿಜ ಹುಡುಕುವ ಒಂದು ಕಂಪೆನಿಯ ಆಫೀಸಿನಲ್ಲಿ ವರದಿ ಟೈಪ್ ಮಾಡುತ್ತಿದ್ದರು. ಅದೇ ಕಟ್ಟಡದ ಹಿಂದಿನ ಶೆಡ್ಡಿನಲ್ಲಿ ಸಲ್ವಾದೋರನ ಕೆಲಸ. ಊರು ನಮ್ಮ ಕರಾವಳಿಯ ಶಿರ್ವ. ಬೊಂಬಾಯಿಯಲ್ಲಿ ಕನ್ನಡಕದ ಗಾಜು ಉಜ್ಜುವ ಅಂಗಡಿಯೊಂದರಲ್ಲಿ ಹರೆಯ ಕಳೆದು, ಅಲ್ಲಿಂದ ಇಲ್ಲಿಗೆ ಬಂದವನು. ವಯಸ್ಸು ನಾಲ್ವತ್ತರ ಹತ್ತಿರ, ಮದುವೆಯಾಗಿರಲಿಲ್ಲ. ಪ್ರತಿ ಶುಕ್ರವಾರ ನಮ್ಮ ಮನೆಯಲ್ಲಿ ಅಲ್ಲಿ ನಮ್ಮ ಪ್ರಾರ್ಥನೆಗೆ ಅನುಮತಿ ಇಲ್ಲದ್ದರಿಂದ ಪರದೆ ಎಳೆದು, ನಾಲ್ಕಾರು ಜನ ಸೇರಿ ಜಪಮಾಲೆಯ ತೇರ್ಸ್ ಪ್ರಾರ್ಥನೆ ಹೇಳಿ ಊಟ ಮಾಡುತ್ತಿದ್ದೆವು. ಅವನು ಬಂದು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತು, ಉಂಡು, ತನ್ನ ತಟ್ಟೆಯ ಜೊತೆ ನಮ್ಮೆಲ್ಲರ ತಟ್ಟೆಯನ್ನೂ ತೊಳೆದಿಟ್ಟು ಹೋಗುತ್ತಿದ್ದ. ನಾವು ಆಡುತ್ತಿದ್ದದ್ದು ಕೊಂಕಣಿ. ಇಲ್ಲಿ ಅದನ್ನೆಲ್ಲ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಸಲ್ವಾದೋರನ ಪಾಲಿನ ಮಾತು ಬರೆಯುವುದಕ್ಕೆ ಯಾವ ಭಾಷೆಯಾದರೂ ಹೆಚ್ಚು ಶಾಯಿ ಬೇಡ.

ಅವನ ಕೆಲಸ ಕಲ್ಲು ಕೊಯ್ಯುವುದು. ಮನೆ ಕಟ್ಟುವ ಕಲ್ಲಲ್ಲ. ಮರುಭೂಮಿಯಿಂದ ಚೀಲದಲ್ಲಿ ಬಂದ ಕಲ್ಲನ್ನು ಗರಗಸದಲ್ಲಿ ಬಿಲ್ಲೆಯಷ್ಟು ಕೊಯ್ದು, ಒಂದು ಮುಖ ನುಣ್ಣಗೆ ಉಜ್ಜಿ, ಗಾಜಿನ ಪಟ್ಟಿಗೆ ಅಂಟಿಸಬೇಕು. ಆಮೇಲೆ ಇನ್ನೊಂದು ಮುಖವನ್ನು ಸಾಣೆಪುಡಿ ಮತ್ತು ನೀರು ಹಾಕಿ ಉಜ್ಜುತ್ತಾ ಉಜ್ಜುತ್ತಾ, ಕಲ್ಲಿನೊಳಗಿಂದ ಬೆಳಕು ಆಚೆ ಬರುವಷ್ಟು ತೆಳು ಮಾಡಬೇಕು. ಎಷ್ಟು ತೆಳುವಾಯಿತೆಂದು ಹೇಳುವುದು ಬೆರಳು. ರಬ್ಬರಿನ ಕೈಗವಸು ಹಾಕಿದರೆ ಬೆರಳಿಗೆ ಕಣ್ಣು ಹೋದ ಹಾಗೆ ಎನ್ನುತ್ತಿದ್ದ. ಹೀಗಾಗಿ ಕಲ್ಲಿನ ಜೊತೆ ಅವನ ಬೆರಳೂ ಸವೆಯುತ್ತಿತ್ತು. ಗರಗಸದ ಕಿರುಚಾಟಕ್ಕೆ ಒಂದು ಕಿವಿ ಮಂದವಾಗಿತ್ತು. ಕೈಯ ಚರ್ಮ ಸೀಳು ಬಿಟ್ಟು ಬೆರಳ ಸಂದಿಯಲ್ಲಿ ರಕ್ತ ಒಸರುತ್ತಿತ್ತು. ಹೆಬ್ಬೆರಳಿನಲ್ಲಿ ಒಂದು ಗೆರೆ ಉಳಿದಿರಲಿಲ್ಲ. ಊರಿನಲ್ಲಿ ಜಾಗದ ಪಾಲಿನ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದಾಗ ಬರೀ ಕಪ್ಪು ಬೊಟ್ಟು ಮೂಡಿ, ರಿಜಿಸ್ಟ್ರಾರರು ಮತ್ತೆ ಮತ್ತೆ ಒತ್ತಿಸಿ ಸುಸ್ತಾದರಂತೆ. ಇದನ್ನು ಹೇಳಿದ್ದೂ ಅವನಲ್ಲ, ಅವನ ಅಕ್ಕ ಮೆಟಿಲ್ಡಾ.

ಆ ವರ್ಷ ಅವನ ಶೆಡ್ಡಿಗೆ ಬರುತ್ತಿದ್ದದ್ದೆಲ್ಲ ಒಂದೇ ಕಡೆಯ ಹಸಿರು ಕಲ್ಲು. ಝಿಯಾವುದ್ದೀನ್ ಎಂಬ ಪೇಶಾವರದ ಭೂವಿಜ್ಞಾನಿ ಒಂದು ವಾದಿಯ, ಅಂದರೆ ಮರುಭೂಮಿಯ ಒಣಗಿದ ಹೊಳೆಯ, ದಂಡೆಯಿಂದ ಅದನ್ನು ಕಳಿಸುತ್ತಿದ್ದರು. ತಾಮ್ರ ಹುಡುಕುತ್ತಿದ್ದಾರೆಂದು ಇಗ್ನೇಶಿಯಸ್ ಹೇಳಿದ್ದರು. ನನಗೆ ತಡೆಯಲಿಲ್ಲ.

"ಅಲ್ಲ ಸಲ್ವಾದೋರ್, ತಾಮ್ರ ಬೇಕಾದ್ರೆ ತಾಮ್ರ ಇರುವ ಕಲ್ಲು ಹುಡುಕ್ಬೇಕಲ್ವಾ? ಈ ಪಾಚಿ ಬಣ್ಣದ್ದನ್ನು ಎಂತಕ್ಕೆ ಕೊಯ್ಯುವುದು?"

ಅವನು ಸುಮ್ಮನೆ ನನ್ನ ಅಡಿಗೆಮನೆಯೊಳಗೆ ನೋಡಿದ. "ಬೆಲಿಂಡಬಾಯಿ, ಆ ಗೋಡೆ ನೋಡಿ. ಒಲೆಯ ಹಿಂದೆ ಹಳದಿ ಉಂಟು. ಆಚೆ ಹೋದ ಹಾಗೆ ಬಿಳಿ. ನಾಳೆ ನೀವು ಒಲೆ ತಕ್ಕೊಂಡು ಮನೆ ಬಿಟ್ರೂ, ಒಲೆ ಎಲ್ಲಿತ್ತು ಅಂತ ಗೋಡೆ ಹೇಳ್ತದೆ."

ಅಷ್ಟೇ ಅವನ ಪಾಠ. ಉಳಿದದ್ದನ್ನು ಇಗ್ನೇಶಿಯಸ್ ಬಿಡಿಸಿ ಹೇಳಿದರು. ಯಾವುದೋ ಕಾಲದಲ್ಲಿ ನೆಲದೊಳಗಿಂದ ಕುದಿನೀರು ಎದ್ದು ಬಂದು ಒಂದು ಕಡೆ ತಾಮ್ರವನ್ನು ಬಿಟ್ಟು ಹೋಗಿದೆ. ಆ ತಾಮ್ರದ ಮೇಲೆ ಈಗ ವಾದಿಯ ಜಲ್ಲಿ, ಮರಳು. ಮೇಲಿನಿಂದ ಏನೂ ಕಾಣುವುದಿಲ್ಲ. ಆದರೆ ಆ ಕುದಿನೀರು ತಾಗಿದ ಸುತ್ತಲಿನ ಕಲ್ಲು ಮೊದಲಿನ ಹಾಗೆ ಉಳಿದಿಲ್ಲ. ಅದರಲ್ಲಿ ಕ್ಲೋರೈಟ್ ಎಂಬ ಹಸಿರು ಖನಿಜ ಹುಟ್ಟಿದೆ. ಕಣ್ಣಿಗೆ ಎಲ್ಲವೂ ಒಂದೇ ಹಸಿರು. ಒಳಗೆ ಮಾತ್ರ, ತಾಮ್ರದ ಹತ್ತಿರ ಹೋದ ಹಾಗೆ ಕಬ್ಬಿಣದ ಪಾಲು, ಮೆಗ್ನೀಸಿಯಂ ಪಾಲು ಬದಲಾಗುತ್ತದೆ. ಕಣ್ಣಿಗೂ ಕಾಣದ ಒಂದು ಕಾಳಿನೊಳಗೆ ಯಾವುದು ಎಷ್ಟಿದೆ ಎಂದು ಹೇಳುವ ಯಂತ್ರವೊಂದು ಯುರೋಪಿನಲ್ಲಿತ್ತು. ಸಲ್ವಾದೋರ್ ಉಜ್ಜಿ ಕೊಟ್ಟ ಗಾಜುಗಳು ಅಲ್ಲಿಗೆ ಹೋಗಬೇಕು, ಉತ್ತರ ನಕ್ಷೆಯ ಮೇಲೆ ಕೂರಬೇಕು, ಆಗ ತಾಮ್ರ ಯಾವ ದಿಕ್ಕಿಗೆ ಅಡಗಿದೆಯೆಂದು ತಿಳಿಯುತ್ತದೆ. ನೆಲ ಕೊರೆಯುವ ಯಂತ್ರ ವರ್ಷದ ಕೊನೆಗೆ ಬೇರೆ ಕಡೆ ಹೋಗುವುದಿತ್ತು. ಅಷ್ಟರೊಳಗೆ ಗಾಜು ಹೋಗದಿದ್ದರೆ ಝಿಯಾವುದ್ದೀನರ ಎರಡು ವರ್ಷದ ಅಲೆದಾಟ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ನನಗೆ ಅರ್ಥವಾಯಿತು. ಆದರೆ ನನ್ನ ಗೋಡೆ ಹಳದಿ ಎಂದದ್ದು ಸರಿಬರಲಿಲ್ಲ. ಮರುದಿನವೇ ಕೂತು ಉಜ್ಜಿದೆ. ಹೋಗಲಿಲ್ಲ.

ಇನ್ನು ಉರ್ಸುಲಾಳ ಸಂಗತಿ. ಶಂಕರಪುರದವಳು, ನನ್ನ ಅಮ್ಮನ ಕಡೆಯಿಂದ ದೂರದ ಸಂಬಂಧ. ಜಿದ್ದಾದ ಒಂದು ಆಸ್ಪತ್ರೆಯಲ್ಲಿ ನರ್ಸ್. ತಂಗಿಯರಿಗೆಲ್ಲ ಮದುವೆ ಮಾಡಿಸುವಷ್ಟರಲ್ಲಿ ಅವಳಿಗೆ ಮೂವತ್ತನಾಲ್ಕು ಆಗಿತ್ತು. ಎರಡು ಸಂಬಂಧ ಬಂದು ಮುರಿದಿದ್ದವು. ಒಬ್ಬನಿಗೆ ಬೇಕಾದದ್ದು ಅವಳ ವೀಸಾ, ಇನ್ನೊಬ್ಬನಿಗೆ ಅವಳ ಸಂಬಳ. ಅವಳು ಯಾರಿಗೂ ಬೇಕಾಗಿರಲಿಲ್ಲ. "ಇನ್ನು ನನ್ನನ್ನು ಯಾರಿಗೂ ತೋರಿಸ್ಬೇಡಿ ಬೆಲಿಂಡಬಾಯಿ, ನಾನೇನು ಮೀನಾ?" ಅಂದಿದ್ದಳು. ನಾನು ಕೇಳುವವಳೇ? ಒಂದು ಶುಕ್ರವಾರ ಹಾಸ್ಟೆಲಿನಿಂದ ಊಟಕ್ಕೆಂದು ಕರೆಸಿ, ಸೋಫಾದ ಒಂದು ತುದಿಗೆ ಅವಳನ್ನು, ಇನ್ನೊಂದು ತುದಿಗೆ ಸಲ್ವಾದೋರನನ್ನು, ನಡುವೆ ಹಳೆ ಪೇಪರ್ ಹಿಡಿದ ಇಗ್ನೇಶಿಯಸ್ಸರನ್ನು ಕೂರಿಸಿದೆ.

ಅವಳು ಅವನ ಮುಖ ನೋಡಲಿಲ್ಲ, ಕೈ ನೋಡಿದಳು. ಅವನು ಕೈಯನ್ನು ಚಾ ಟ್ರೇಯ ಕೆಳಗೆ ಅಡಗಿಸಿದ.

"ಕೈ ಕೊಡಿ," ಅಂದಳು, ವಾರ್ಡಿನಲ್ಲಿ ಹೇಳುವ ಹಾಗೆ.

ಕೊಟ್ಟ. ಶಾಲೆಯಲ್ಲಿ ಉಗುರು ತೋರಿಸುವ ಮಗುವಿನ ಹಾಗೆ ಎರಡೂ ಕೈ ಮುಂದೆ ಹಿಡಿದ. ಅವಳು ತಿರುಗಿಸಿ ನೋಡಿದಳು.

"ಇದಕ್ಕೆ ಎಂತ ಹಾಕ್ತೀರಿ?"

"ಎಂತದೂ ಇಲ್ಲ."

ಮುಂದಿನ ಶುಕ್ರವಾರ ಅವಳು ಹಾರ್ಲಿಕ್ಸ್ ಬಾಟ್ಲಿಯಲ್ಲಿ ಎಣ್ಣೆ ತಂದಳು. ಶಂಕರಪುರದಲ್ಲಿ ಅವಳ ಅಮ್ಮ ತೆಂಗಿನ ಹಾಲು ಕಾಯಿಸಿ ತೆಗೆದದ್ದು, ರಜೆಯಿಂದ ಬಂದವರ ಕೈಯಲ್ಲಿ ಕಳಿಸಿದ್ದು. ತನ್ನ ತಲೆಗೆಂದು ಬಂದದ್ದನ್ನು ಅವನ ಕೈಗೆ ಕೊಟ್ಟಳು. "ದಿನಾ ರಾತ್ರಿ, ಬೆಳಿಗ್ಗೆ. ತಪ್ಪಿಸ್ಬಾರ್ದು."

ನನ್ನ ನಾಲಿಗೆ ಸುಮ್ಮನಿರಬೇಕಲ್ಲ. "ಎಂತ ಉರ್ಸುಲಾ, ಸಂಬಂಧ ಕುದುರುವ ಮೊದಲೇ ರೋಸ್ ಮಾಡ್ತೀಯಾ?" ಅಂದೆ. ಮದುವೆಯ ಹಿಂದಿನ ದಿನ ಮದುಮಕ್ಕಳಿಗೆ ತೆಂಗಿನ ಹಾಲು, ಎಣ್ಣೆ ಹಚ್ಚುವುದು ನಮ್ಮಲ್ಲಿ ರೋಸ್. ಹುಡುಗಿಯೇ ಹುಡುಗನಿಗೆ ಎಣ್ಣೆ ಕೊಟ್ಟದ್ದನ್ನು ನಾನು ಎಲ್ಲೂ ಕಂಡಿರಲಿಲ್ಲ. ಅವಳ ಕಿವಿ ಕೆಂಪಾಯಿತು, ಆದರೆ ಬಾಟ್ಲಿ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಹೋಗುವಾಗ ಬಾಗಿಲಲ್ಲಿ ನನ್ನ ಕಿವಿಗೆ ಮಾತ್ರ ಹೇಳಿದಳು. "ಕ್ರಿಸ್ಮಸ್ ರಜೆಗೆ ಊರಿಗೆ ಹೋಗುವ ಮೊದಲು ಹೇಳ್ತೇನೆ. ನೋಡುವ, ನಾನು ಕೊಟ್ಟದ್ದನ್ನು ಇವರು ಎಂತ ಮಾಡ್ತಾರೆ ಅಂತ."

ನಾನು ಆ ದಿನದಿಂದಲೇ ಹೂಂ ಎಂಬ ಒಂದು ಮಾತಿಗೆ ಕಾಯುತ್ತಾ ಕೂತೆ. ಸಲ್ವಾದೋರನೂ ಕಾಯುತ್ತಿದ್ದ. ಹೇಳಲಿಲ್ಲ ಬಿಡಿ. ಆದರೆ ಪ್ರತಿ ಶುಕ್ರವಾರ ಇಸ್ತ್ರಿ ಹಾಕಿದ ಅಂಗಿಯಲ್ಲಿ ಬರುತ್ತಿದ್ದ, ಕೈ ಮೆತ್ತಗಾಗುತ್ತಿತ್ತು, ಸೀಳು ಕೂಡುತ್ತಿತ್ತು. ಉರ್ಸುಲಾ ಕೇಳದೆಯೇ ನೋಡುತ್ತಿದ್ದಳು, ನೋಡಿ ಸುಮ್ಮನೆ ನಗುತ್ತಿದ್ದಳು.

ಅತ್ತ ಶೆಡ್ಡಿನಲ್ಲಿ ಗ್ರಹಚಾರ ಸುರುವಾಗಿತ್ತು. ಉಜ್ಜಿದ ಕಲ್ಲು ಗಾಜಿನಿಂದ ಏಳತೊಡಗಿತು. ಅಂಟಿಸುವಾಗ ಸರಿ, ಉಜ್ಜುವಾಗ ಸರಿ, ಕೊನೆಯಲ್ಲಿ ಇನ್ನೇನು ಹೊಳಪು ಬಂತು ಎನ್ನುವಾಗ ನಡುವಿನಲ್ಲಿ ಚಕ್ಕೆ ಎದ್ದು ನೀರಿನಲ್ಲಿ ಹೋಗುತ್ತಿತ್ತು. ಅಂಟು ಹಳೆಯದೆಂದು ಹೊಸ ಡಬ್ಬಿ ತರಿಸಿದರು. ಎದ್ದಿತು. ಶೆಡ್ಡಿನ ಸೆಖೆ ಎಂದು ಎಸಿ ಹಾಕಿಸಿದರು. ಎದ್ದಿತು. ಇಡೀ ಒಂದು ಟ್ರೇ ಹಾಳಾಯಿತೆಂದು, ದೊಡ್ಡ ಸಾಹೇಬರು ಕೂಗಾಡಿದರೆಂದು ಇಗ್ನೇಶಿಯಸ್ ಮನೆಗೆ ಬಂದು ಹೇಳಿದರು. ಕಾರಣ ಮಾತ್ರ ಅವರಿಗೆ ಗೊತ್ತಿರಲಿಲ್ಲ. ನನಗೂ ತಿಳಿದದ್ದು ಆಮೇಲೆಯೇ. ಆದರೆ ಓದುವವರನ್ನು ನನ್ನ ಹಾಗೆ ಒದ್ದಾಡಿಸುವ ಮನಸ್ಸಿಲ್ಲ, ಈಗಲೇ ಹೇಳಿಬಿಡುತ್ತೇನೆ.

ಒಂದು ಮಧ್ಯಾಹ್ನ ಝಿಯಾವುದ್ದೀನ್ ಶೆಡ್ಡಿಗೆ ಬಂದು ಹಾಳಾದ ಗಾಜುಗಳನ್ನೆಲ್ಲ ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡುತ್ತಾ ಹೋದರು. ಎಲ್ಲದರಲ್ಲೂ ಕಲ್ಲು ಎದ್ದದ್ದು ಒಂದೇ ಜಾಗದಲ್ಲಿ, ಒಂದೇ ಆಕಾರದಲ್ಲಿ. ಯಾರೋ ಹೆಬ್ಬೆರಳು ಇಟ್ಟ ಗುರುತು. ಆದರೆ ಹೆಬ್ಬೆರಳಾದರೆ ಗೆರೆ ಇರಬೇಕು, ಇದು ಬೋಳು. ಅವರು ತಲೆಯೆತ್ತಿ ಸಲ್ವಾದೋರನ ಕೈ ನೋಡಿದರು. ಆಮೇಲೆ ಆ ಕೈಯನ್ನು ಮೂಗಿನ ಹತ್ತಿರ ತಂದು ಮೂಸಿದರು.

"ಕೊಬ್ಬರಿ ಎಣ್ಣೆಯಾ?"

ಸಲ್ವಾದೋರ್ ತಲೆ ಆಡಿಸಿದ. ಚರ್ಮದೊಳಗೆ ಇಳಿದಿದ್ದ ಎಣ್ಣೆ, ಕಲ್ಲಿನ ಉಜ್ಜಿದ ಮುಖವನ್ನು ಹಿಡಿದಾಗ ಅಲ್ಲಿ ಕೂರುತ್ತಿತ್ತು. ಎಣ್ಣೆ ಕೂತಲ್ಲಿ ಅಂಟು ಹಿಡಿಯುತ್ತಿರಲಿಲ್ಲ. ಕರಾವಳಿಯವನಲ್ಲದೆ ಬೇರೆ ಯಾರಿಗೂ ಈ ತಪ್ಪು ಮಾಡಲು ಬರುತ್ತಿರಲಿಲ್ಲ. ಎಣ್ಣೆ ಹಚ್ಚುವುದು ನಮಗೆ ಹಲ್ಲುಜ್ಜಿದ ಹಾಗೆ. ಅದೂ ಒಂದು ಸಂಗತಿ ಎಂದು ಯಾರ ತಲೆಗೆ ಹೋಗುತ್ತದೆ?

ಝಿಯಾವುದ್ದೀನ್ ಒಳ್ಳೆಯ ಮನುಷ್ಯ. ಬೈಯಲಿಲ್ಲ. "ಯಾರು ಕೊಟ್ಟರು?" ಎಂದು ಕೇಳಿದರು.

"ಒಬ್ಬರು."

ಆ ಒಂದು ಮಾತನ್ನು ಅವನು ಹೇಳಿದ ರೀತಿಯಲ್ಲೇ ಅವರಿಗೆ ಗೊತ್ತಾಯಿತಂತೆ. "ಹಾಗಾದರೆ ಎಸೆಯಬೇಡ ಭಾಯಿ. ಈ ಗಾಜುಗಳು ಹೋಗುವವರೆಗೆ ಮುಚ್ಚಳ ಮುಚ್ಚಿಡು, ಅಷ್ಟೇ," ಎಂದರು. ಮೇಲಿನವರಿಗೆ ಅಂಟಿನ ಡಬ್ಬಿಯದ್ದೇ ತಪ್ಪೆಂದು ವರದಿ ಕೊಟ್ಟರು. ಸಲ್ವಾದೋರ್ ಸಾಬೂನು ಹಾಕಿ, ಎಸಿಟೋನ್ ಹಾಕಿ ಕೈ ತಿಕ್ಕಿ ತಿಕ್ಕಿ ತೊಳೆದು ಮತ್ತೆ ಮೊದಲಿನಿಂದ ಕೊಯ್ಯಲು ಕೂತ. ಕೈ ಮೊದಲಿಗಿಂತ ಕೆಟ್ಟದಾಗಿ ಸೀಳಿತು.

ಆ ಶುಕ್ರವಾರ ಅವನು ನಮ್ಮಲ್ಲಿ ಅನ್ನ ಕಲಸುವಾಗ ಮೀನುಸಾರಿನ ಖಾರಕ್ಕೆ ಮುಖ ಕಿವುಚಿದ್ದನ್ನು ಉರ್ಸುಲಾ ನೋಡಿದಳು.

"ಎಣ್ಣೆ ಹಚ್ತಾ ಇದ್ದೀರಾ?"

ಒಂದು ಸುಳ್ಳು ಹೇಳಬಹುದಿತ್ತು. ಅಥವಾ ನಿಜವನ್ನು ಪೂರ್ತಿ ಹೇಳಬಹುದಿತ್ತು. ಈ ಪುಣ್ಯಾತ್ಮ ಅರ್ಧ ನಿಜ ಹೇಳಿದ.

"ಇಲ್ಲ. ಬಿಟ್ಟಿದ್ದೇನೆ."

ಅವಳು ಯಾಕೆಂದು ಕೇಳಲಿಲ್ಲ. ಅವಳಿಗೆ ಯಾಕೆಂದು ಗೊತ್ತಿತ್ತು, ಅಂದರೆ ಗೊತ್ತಿದೆ ಎಂದುಕೊಂಡಳು. ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ನಾನು ಹಿಂದೆಯೇ ಹೋದಾಗ ನಲ್ಲಿ ಬಿಟ್ಟು ನಿಂತಿದ್ದಳು, ತಟ್ಟೆ ತೊಳೆಯುತ್ತಿರಲಿಲ್ಲ. "ಬೇಡ ಅಂತ ಹೇಳಿಬಿಡಿ ಬೆಲಿಂಡಬಾಯಿ. ಮೊದಲಿನವರಿಗೆ ನನ್ನದು ಎಂತದಾದ್ರೂ ಬೇಕಿತ್ತು. ಇವರಿಗೆ ನಾನು ಕೊಟ್ಟದ್ದೇ ಬೇಡ." ಅವಳ ಬೆನ್ನು ಸವರಿದೆ. ಅಷ್ಟು ಜನರ ಗಾಯ ಕಟ್ಟಿದ ಹುಡುಗಿ, ಅವಳ ಕೈಯ ಔಷಧಿಯನ್ನು ಬಿಟ್ಟಿದ್ದೇನೆ ಎನ್ನುವುದಕ್ಕೆ ಇವನು ಯಾವ ಊರಿನ ನವಾಬ?

ಅವಳು ಹೋದ ಮೇಲೆ ಅವನನ್ನು ಹಿಡಿದುಕೊಂಡೆ.

"ಎಂತ ಮಾರಾಯ, ಆ ಎಣ್ಣೆ ಬಿಸಾಡಿದ್ಯಾ?"

"ಇಲ್ಲ."

"ಮತ್ತೆಂತ ಮಾಡಿದ್ದು?"

"ಉಂಟು."

"ಉಂಟು! ಬಾಟ್ಲಿಯಲ್ಲಿ ಇಟ್ಟು ಪೂಜೆ ಮಾಡ್ತೀಯಾ? ಅವಳು ಬೇಡ ಅಂತ ಹೇಳಿ ಹೋದಳು, ಗೊತ್ತುಂಟಾ ನಿನಗೆ? ಬರುವ ವಾರ ಊರಿಗೆ ಹೋಗ್ತಾಳೆ. ಮತ್ತೆ ನೀನು ನಿನ್ನ ಕಲ್ಲನ್ನೇ ಮದುವೆಯಾಗು!"

ಮಂದ ಕಿವಿಗೂ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದ್ದೆ. ಅವನು ಚಪ್ಪಲಿ ಹಾಕಿಕೊಳ್ಳುವಾಗ ಬಲಗಾಲಿನದನ್ನು ಎಡಗಾಲಿಗೆ ಹಾಕಿಕೊಂಡ. ಆಗ ನನಗೆ ಮರುಕವೂ ಆಯಿತು. ಆದರೆ ತಡೆದು ನಿಲ್ಲಿಸಲಿಲ್ಲ.

ಮುಂದಿನ ಶುಕ್ರವಾರ ಉರ್ಸುಲಾ ಊರಿಗೆ ಹೋಗುವ ಮೊದಲಿನ ಕೊನೆಯ ಶುಕ್ರವಾರ. ಅವಳು ನನಗೆ ವಿದಾಯ ಹೇಳಲು ಬಂದವಳು, ಅವನಿಗಾಗಿ ಅಲ್ಲ. ತೇರ್ಸ್ ಮುಗಿದ ಕೂಡಲೇ ಎದ್ದು ಚೀಲ ಹೆಗಲಿಗೆ ಹಾಕಿಕೊಂಡಳು. ಸಲ್ವಾದೋರ್ ಅಡ್ಡ ಬಂದು ನಿಂತ. ಜೇಬಿನಿಂದ ಒಂದು ಲಕೋಟೆ ತೆಗೆದ. ಅದರಲ್ಲಿ ಒಂದು ಗಾಜಿನ ಪಟ್ಟಿ. ಜೊತೆಗೆ ಹಳೆಯ ತಂಪು ಕನ್ನಡಕದಿಂದ ಬಿಡಿಸಿದ ಎರಡು ಕಪ್ಪು ಗಾಜು.

"ಒಂದು ನಿಮಿಷ ಕಿಟಕಿ ಹತ್ತಿರ ಬರ್ತೀರಾ?"

ಅವನಾಗಿಯೇ ಬಾಯಿ ಬಿಟ್ಟು ಒಬ್ಬರನ್ನು ಕರೆದದ್ದು ನಾನು ಕಂಡಂತೆ ಅದೇ ಮೊದಲು. ಉರ್ಸುಲಾ ಹೋದಳು. ನಾನೂ ಹೋದೆ, ನನ್ನ ಮನೆ, ನನ್ನ ಕಿಟಕಿ. ಅವನು ಪರದೆ ಸರಿಸಿ ಗಾಜಿನ ಪಟ್ಟಿಯನ್ನು ಬಿಸಿಲಿಗೆ ಹಿಡಿದ. ಎಳೆ ಹಸಿರು, ಕಲ್ಲೆಂದು ಯಾರೂ ಹೇಳಲಾರರು. ಆಮೇಲೆ ಅದನ್ನು ಆ ಎರಡು ಕಪ್ಪು ಗಾಜುಗಳ ನಡುವೆ ಇಟ್ಟು ಒಂದನ್ನು ಮೆಲ್ಲ ತಿರುಗಿಸಿದ. ಹಸಿರು ಹೋಗಿ ಶಾಯಿಯಂಥ ನೀಲಿ ಬಂತು.

"ಇದು ಎಂತದು?" ಅಂದಳು ಉರ್ಸುಲಾ. ಅವಳ ಚೀಲ ಹೆಗಲಿನಿಂದ ಜಾರಿದ್ದು ಅವಳಿಗೆ ಗೊತ್ತಾಗಲಿಲ್ಲ.

"ನಾನು ಕೊಯ್ಯುವ ಕಲ್ಲು. ಇದಕ್ಕೆ ತಾಮ್ರ ಎಲ್ಲಿ ಉಂಟು ಅಂತ ಗೊತ್ತುಂಟು."

"ಇಲ್ಲಿ ನಡುವಲ್ಲಿ ಖಾಲಿ ಯಾಕೆ?"

"ಅದು ನನ್ನ ಹೆಬ್ಬೆರಳು." ಹೆಬ್ಬೆರಳನ್ನು ತಂದು ಆ ಖಾಲಿ ಜಾಗದ ಮೇಲೆ ಹಿಡಿದ. ಸರಿಯಾಗಿ ಕೂತಿತು. "ಎಣ್ಣೆ ಇದ್ದಲ್ಲಿ ಅಂಟು ಹಿಡಿಯುವುದಿಲ್ಲ. ನೀವು ಹೇಳಿದ ಹಾಗೆ ಹಚ್ಚಿದೆ, ರಾತ್ರಿ, ಬೆಳಿಗ್ಗೆ. ಒಂದು ದಿನ ತಪ್ಪಿಸ್ಲಿಲ್ಲ. ಹೀಗೆ ಒಂದು ಟ್ರೇ ಹೋಯ್ತು. ಅದಕ್ಕೆ ಬಿಟ್ಟೆ."

ಉರ್ಸುಲಾ ಗಾಜನ್ನು ಅವನಿಂದ ತೆಗೆದುಕೊಂಡು ಹತ್ತಿರ ಹಿಡಿದು ನೋಡಿದಳು. ಅವಳು ಕೊಟ್ಟದ್ದನ್ನು ಅವನು ಏನು ಮಾಡಿದ ಎಂಬುದು ಅವಳ ಕೈಯಲ್ಲೇ ಇತ್ತು.

"ನನ್ನ ಹತ್ರ ಯಾಕೆ ಹೇಳ್ಲಿಲ್ಲ?"

"ನಿಮ್ಮ ಅಮ್ಮ ಕಾಯಿಸಿ ಮಾಡಿದ್ದು. ನೀವು ನಿಮ್ಮ ತಲೆಗೆ ಹಾಕದೆ ಕೊಟ್ಟದ್ದು. ಅದರಿಂದ ಕೆಲಸ ಕೆಟ್ಟಿತು ಅಂತ ನಿಮ್ಮ ಮುಖ ನೋಡಿ ಹೇಗೆ ಹೇಳುವುದು?"

ಆ ಗಳಿಗೆಯಲ್ಲಿ ಅವನನ್ನು ನನ್ನ ಒಡಹುಟ್ಟಿದ ತಮ್ಮನಿಗಿಂತ ಹೆಚ್ಚು ಪ್ರೀತಿಸಿದೆ. ಎರಡು ಬಿಗಿಯಬೇಕೆಂದೂ ಅನಿಸಿತು.

ಉರ್ಸುಲಾ ಗಾಜನ್ನು ಲಕೋಟೆಗೆ ಹಾಕಿದಳು, ಲಕೋಟೆಯನ್ನು ತನ್ನ ಚೀಲಕ್ಕೆ ಹಾಕಿದಳು. ಆಮೇಲೆ ಅವನ ಸೀಳಿದ ಕೈ ಹಿಡಿದು ನರ್ಸಿನ ಧ್ವನಿಯಲ್ಲಿ ಕೇಳಿದಳು. "ನಿಮಗೆ ಗುರುವಾರ, ಶುಕ್ರವಾರ ರಜೆ. ಕೆಲಸ ಬಿಡುವುದು ಬುಧವಾರ ಸಂಜೆ ಅಲ್ವಾ?"

"ಹೌದು."

"ಬುಧವಾರ ಸಂಜೆ ಹಚ್ಚಿ, ಶುಕ್ರವಾರ ಸಾಬೂನು ಹಾಕಿ ತೊಳೆದ್ರೆ, ಶನಿವಾರ ಕೆಲಸಕ್ಕೆ ಹೋಗುವಾಗ ಕೈ ಶುದ್ಧ ಇರ್ತದಾ? ಕಲ್ಲು ಹಿಡೀತದಾ?"

ಅವನು ಯೋಚಿಸಿದ. ಅವನ ಕೆಲಸದ ಪ್ರಶ್ನೆಯಲ್ಲವೇ, ನಿಜವಾಗಿಯೇ ಯೋಚಿಸಿದ. "ಹಿಡೀತದೆ."

"ಹಾಗಾದ್ರೆ ಬುಧವಾರ ಬುಧವಾರ ನಾನೇ ಹಚ್ಚುತ್ತೇನೆ. ನಿಮಗೆ ಲೆಕ್ಕ ತಿಳಿಯುವುದಿಲ್ಲ."

ಇಗ್ನೇಶಿಯಸ್ ಪೇಪರ್ ಕೆಳಗಿಟ್ಟರು. ಬುಧವಾರ ಬುಧವಾರ ಹಚ್ಚಬೇಕಾದರೆ ಒಂದೇ ಮನೆಯಲ್ಲಿರಬೇಕು, ಮದುವೆಗೆಂದು ಇಬ್ಬರ ಹೆಸರೂ ಊರಿನ ಇಗರ್ಜಿಯಲ್ಲಿ ಓದಿಸಬೇಕು ಎಂಬುದು ನಮ್ಮೆಲ್ಲರಿಗೂ ಅರ್ಥವಾಯಿತು. ಸಲ್ವಾದೋರನಿಗೆ ಸ್ವಲ್ಪ ತಡವಾಗಿ ಅರ್ಥವಾಯಿತು. ಅರ್ಥವಾದ ಮೇಲೆ ಹೋಗಿ ನಮ್ಮೆಲ್ಲರ ತಟ್ಟೆ ತೊಳೆದ. ಊಟಕ್ಕೆ ಇನ್ನೂ ಬಡಿಸಿಯೇ ಇರಲಿಲ್ಲ.

ತಾಮ್ರದ ಕತೆಯನ್ನೂ ಹೇಳಬೇಕು. ಹೊಸದಾಗಿ ಉಜ್ಜಿದ ಗಾಜುಗಳು ಒಂದೂ ಏಳದೆ ಆ ವಾರವೇ ವಿಮಾನದಲ್ಲಿ ಯುರೋಪಿಗೆ ಹೋದವು. ಉತ್ತರ ಬಂದು ನಕ್ಷೆಯ ಮೇಲೆ ಕೂತಾಗ, ಹಸಿರು ಖನಿಜದ ಒಳಗಿನ ಲೆಕ್ಕ ವಾದಿಯ ನಡುವಿನತ್ತ ಬೆರಳು ಮಾಡುತ್ತಿತ್ತು. ಯಾರೂ ಕೊರೆಯಬೇಕೆಂದು ಎಣಿಸದ ಬರೀ ಜಲ್ಲಿಯ ಜಾಗ. ಯಂತ್ರ ಹೊರಡುವ ಮೊದಲು ಝಿಯಾವುದ್ದೀನ್ ಹಠ ಹಿಡಿದು ಅಲ್ಲಿ ಒಂದು ತೂತು ಕೊರೆಸಿದರು. ಆಳದಲ್ಲಿ ಹಿತ್ತಾಳೆ ಬಣ್ಣದ ತಾಮ್ರದ ಅದಿರು ಸಿಕ್ಕಿತು. ಗಣಿ ತೆರೆಯುವಷ್ಟು ಇರಲಿಲ್ಲವಂತೆ, ಕಡತ ಮುಚ್ಚಿತು. ಆದರೆ ಅವರು ಹೇಳಿದ ಜಾಗದಲ್ಲೇ ಇತ್ತು. ಆ ತೂತಿನಿಂದ ಬಂದ ಕಲ್ಲಿನ ಒಂದು ತುಂಡನ್ನು ಅವರು ಸಲ್ವಾದೋರನ ಮದುವೆಗೆ ಉಡುಗೊರೆ ಕೊಟ್ಟರು. ಮದುವೆಗೆ ಕಲ್ಲು ಕೊಡುವವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಜನವರಿಯಲ್ಲಿ ಶಿರ್ವದಲ್ಲಿ ಅವನ ರೋಸ್. ನಾವಿಬ್ಬರೂ ರಜೆ ಹಾಕಿ ಹೋಗಿದ್ದೆವು. ಅಂಗಳದ ಚಪ್ಪರದಲ್ಲಿ ಸಲ್ವಾದೋರ್ ಮಣೆಯ ಮೇಲೆ ಕೂತಿದ್ದ. ಹೆಂಗಸರು ಮದುವೆಯ ಹಾಡು ವೊವಿ ಹಾಡುತ್ತಿದ್ದರು. ಹಿರಿಯರು ಒಬ್ಬೊಬ್ಬರಾಗಿ ತೆಂಗಿನ ಹಾಲು ಹಚ್ಚಿ ಹೋದರು, ತಲೆ, ಕೆನ್ನೆ, ಭುಜ, ಎಲ್ಲದಕ್ಕೂ ಮಗುವಿನ ಹಾಗೆ ತಲೆಬಾಗಿ ಕೊಟ್ಟ. ಆಮೇಲೆ ಅಕ್ಕ ಮೆಟಿಲ್ಡಾ ಎಣ್ಣೆಯ ಬಟ್ಟಲು ತಂದಳು. ಅದು ಆ ದಿನ ಬೆಳಿಗ್ಗೆ ಶಂಕರಪುರದಿಂದ ಹೆಣ್ಣಿನ ಅಮ್ಮ ಕಳಿಸಿದ ಎಣ್ಣೆ. ಮೆಟಿಲ್ಡಾ ಎಣ್ಣೆಯಲ್ಲಿ ಬೆರಳು ಅದ್ದಿ ಅವನ ಕೈ ಹಿಡಿಯಲು ಬಗ್ಗಿದಳು. ಅವನು ಥಟ್ಟನೆ ಎರಡೂ ಕೈ ಎಳೆದು ಕಂಕುಳಲ್ಲಿ ಅಡಗಿಸಿದ.

ಹಾಡು ನಿಂತಿತು. ಮೆಟಿಲ್ಡಾಳ ಮುಖ ಸಣ್ಣದಾಯಿತು. "ಎಂತ ಇದು? ಹೆಣ್ಣಿನ ಮನೆಯ ಎಣ್ಣೆ ಬೇಡವಾ ಇವನಿಗೆ?"

ಆ ಚಪ್ಪರದಲ್ಲಿ ಎಣ್ಣೆಯ ಕತೆ ಗೊತ್ತಿದ್ದ ಹೆಂಗಸು ನಾನೊಬ್ಬಳೇ. "ಇವತ್ತು ಕಲ್ಲು ಇಲ್ಲ ಮಾರಾಯ!" ಎಂದು ಹಿಂದಿನಿಂದಲೇ ಕೂಗಿದೆ. "ಇಲ್ಲಿ ಯಾವ ಗಾಜೂ ಏಳುವುದಿಲ್ಲ. ಕೈ ಕೊಡು!"

ಅವನು ನನ್ನನ್ನು ಹುಡುಕಿ ನೋಡಿದ. ತೆಂಗಿನ ಹಾಲು ಹಣೆಯಿಂದ ಕಣ್ಣಿಗೆ ಇಳಿಯುತ್ತಿತ್ತು, ಅದು ಹಾಲೋ ಕಣ್ಣೀರೋ ಎಂದು ಹೇಳುವ ಹಾಗಿರಲಿಲ್ಲ. ಮೆಲ್ಲನೆ ಎರಡೂ ಕೈ ಹೊರಗೆ ತೆಗೆದು, ಅಂಗೈ ಮೇಲೆ ಮಾಡಿ ಅಕ್ಕನ ಮುಂದೆ ಹಿಡಿದ. ಮೆಟಿಲ್ಡಾ ಹೆಬ್ಬೆರಳಿನಿಂದಲೇ ಸುರುಮಾಡಿದಳು.

"ಶನಿವಾರಕ್ಕೆ ಇನ್ನೂ ತುಂಬಾ ದಿನ ಉಂಟಲ್ಲ?" ಅಂದ.